ಗೇರುಬೀಜದ ತುಪ್ಪದನ್ನ: ನಾನು ಮಾಡುವ ಕ್ರಮ

ನಮ್ಮ ದಕ್ಷಿಣ ಕನ್ನಡದ ಮನೆಗಳಲ್ಲಿ ಕುರ್ಮಾ, ಕಡಲೆ ಗಸಿ ಅಥವಾ ಕೋಳಿ ಸಾರು ಮಾಡುವ ದಿನ ಎಲ್ಲರ ಗಮನವೂ ಮಸಾಲೆಯ ಮೇಲಿರುತ್ತದೆ. ಅದರ ಜೊತೆಗೆ ಬಡಿಸುವ ತುಪ್ಪದನ್ನವನ್ನು ಕೊನೆಯ ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಿದರಾಯಿತು ಎನ್ನುವವರೇ ಹೆಚ್ಚು. ಮನೆಯ ಊಟಕ್ಕೂ ಸಣ್ಣಪುಟ್ಟ ಸಮಾರಂಭಗಳಿಗೂ ಬಹಳ ವರ್ಷಗಳಿಂದ ಈ ಅನ್ನವನ್ನು ಮಾಡುತ್ತ ಬಂದಿರುವ ನನಗೆ, ಇದೂ ಅಷ್ಟೇ ಶ್ರದ್ಧೆಯನ್ನು ಬೇಡುವ ಅಡುಗೆ ಎಂಬುದು ಖಚಿತವಾಗಿದೆ. ಸಾಮಗ್ರಿ ಕಡಿಮೆ ಇರುವುದರಿಂದಲೇ ಒಂದೊಂದರ ಗುಣವೂ ನಾಲಗೆಗೆ ನೇರವಾಗಿ ತಿಳಿಯುತ್ತದೆ. ಅಕ್ಕಿ ಹಳೆಯದೋ ಹೊಸದೋ, ತುಪ್ಪ ತಾಜಾವೋ ಕಮಟಿದ್ದೋ, ಬೀಜ ಹದವಾಗಿ ಹುರಿದದ್ದೋ ಕರಿಕಲಾದದ್ದೋ ಎಂಬುದನ್ನು ಮರೆಮಾಡಲು ಇಲ್ಲಿ ಖಾರವೂ ಇಲ್ಲ, ಹುಳಿಯೂ ಇಲ್ಲ. ಅಲ್ಲದೆ ಇದು ಸಾರಿನ ಪಕ್ಕದಲ್ಲಿ ಕೂರುವ ಅನ್ನ. ಬಿರಿಯಾನಿಯ ಹಾಗೆ ತಾನೊಂದೇ ಊಟವಾಗುವುದಿಲ್ಲ. ಹಾಗಾಗಿ ಮಸಾಲೆ ಎಷ್ಟು, ತುಪ್ಪ ಎಷ್ಟು, ಬೀಜ ಎಷ್ಟು ಎಂಬುದನ್ನೆಲ್ಲ ನಾನು ತೀರ್ಮಾನಿಸುವುದು ಎಲೆಯ ಮೇಲೆ ಅದರ ಜೊತೆಗೆ ಏನು ಬರುತ್ತದೆ ಎಂಬುದನ್ನು ನೋಡಿಯೇ.

ಈ ಅನ್ನ ಒಂದು ಸಮುದಾಯಕ್ಕೆ ಸೇರಿದ್ದಲ್ಲ. ಬ್ಯಾರಿಗಳ ಮದುವೆಯೂಟದಲ್ಲಿ ಅದಕ್ಕೆ ಗೌರವದ ಸ್ಥಾನವಿದೆ, ಕೊಡವರಲ್ಲಿ ಅದು ನೆಯ್ ಕೂಳು, ಗಡಿಯಾಚೆಯ ಮಲಬಾರಿನಲ್ಲಿ ನೆಯ್‌ಚೋರು. ಸಸ್ಯಾಹಾರಿ ಮನೆಗಳಲ್ಲಿ ತರಕಾರಿ ಕುರ್ಮಾದೊಂದಿಗೆ ಬರುತ್ತದೆ. ಒಂದೊಂದು ಮನೆಯಲ್ಲಿ ಈರುಳ್ಳಿ, ಮಸಾಲೆಗಳ ಲೆಕ್ಕ ಬೇರೆಯಾದರೂ ತುಪ್ಪದಲ್ಲಿ ಹುರಿದ ಗೇರುಬೀಜ ಮಾತ್ರ ಹೆಚ್ಚುಕಡಿಮೆ ಎಲ್ಲೆಡೆಯೂ ಇದ್ದೇ ಇರುತ್ತದೆ.

ಮೊದಲು ಅಕ್ಕಿಯ ವಿಚಾರ. ನನ್ನ ಮೊದಲ ಆಯ್ಕೆ ಜೀರಕಶಾಲ. ವಯನಾಡಿನ ಈ ಸಣ್ಣ ಕಾಳಿನ ಪರಿಮಳದ ಅಕ್ಕಿಗೂ ಅದರ ಸೋದರಿಯಂತಿರುವ ಗಂಧಕಶಾಲಕ್ಕೂ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮಂಗಳೂರು, ಕಾಸರಗೋಡಿನ ದಿನಸಿ ಅಂಗಡಿಗಳಲ್ಲಿ ಕೈಮ ಅಕ್ಕಿ ಎಂದು ಕೇಳಿದರೆ ಈ ಬಗೆಯ ಅಕ್ಕಿಯನ್ನು ತೋರಿಸುತ್ತಾರೆ. ಬಾಸ್ಮತಿ ಬೆಂದಾಗ ಉದ್ದಕ್ಕೆ ಬೆಳೆದು ನೋಡಲು ಚೆಂದವಾಗಿ ಕಾಣುತ್ತದೆ, ಆದರೆ ಅದರ ಕಾಳಿನ ಮೇಲೆ ತೆಂಗಿನಕಾಯಿ ಅರೆದ ಗಟ್ಟಿ ಗಸಿ ನಿಲ್ಲದೆ ಜಾರುತ್ತದೆ ಎಂಬುದು ನನ್ನ ಅಭಿಪ್ರಾಯ. ಜೀರಕಶಾಲದ ಪುಟ್ಟ ಕಾಳು ಬಿಡಿಬಿಡಿಯಾಗಿದ್ದೂ ಗಸಿಯನ್ನು ಹಿಡಿದುಕೊಳ್ಳುತ್ತದೆ, ಕೈಯಲ್ಲಿ ಕಲಸಿ ಉಣ್ಣುವವರಿಗೆ ಅದೇ ಹಿತ. ಕೊಡಗಿನ ಸಣ್ಣಕ್ಕಿ ಸಿಕ್ಕಿದರೆ ಅದೂ ಬಹಳ ಒಳ್ಳೆಯದು. ಇವೆರಡೂ ಇಲ್ಲದಿದ್ದಾಗ, ಗಂಗಾವತಿ, ಸಿಂಧನೂರು ಕಡೆಯ ಹಳೆಯ ಸೋನಾ ಮಸೂರಿಯಲ್ಲಿ ಮಾಡಿದ ತುಪ್ಪದನ್ನವನ್ನೂ ನಾನು ಸಂತೋಷದಿಂದ ಬಡಿಸಿದ್ದೇನೆ. ಹಳೆಯದು ಎಂಬ ಮಾತು ಮುಖ್ಯ. ಕೊಯ್ಲಾಗಿ ವರ್ಷ ತುಂಬಿದ ಅಕ್ಕಿ ಹೆಚ್ಚು ನೀರು ಹೀರಿಯೂ ಬಿಡಿಯಾಗಿ ಅರಳುತ್ತದೆ, ಹೊಸ ಅಕ್ಕಿ ಬೇಗ ಅಂಟುತ್ತದೆ. ಗಂಜಿಗೆ ಹೊಸದು ಚೆಂದ, ತುಪ್ಪದನ್ನಕ್ಕೆ ಅಲ್ಲ.

ಅಕ್ಕಿಯನ್ನು ನೀರು ಹೆಚ್ಚುಕಡಿಮೆ ತಿಳಿಯಾಗುವವರೆಗೆ ಮೂರು ನಾಲ್ಕು ಬಾರಿ, ಕಾಳು ಮುರಿಯದಂತೆ ಮೃದುವಾಗಿ ತೊಳೆಯುತ್ತೇನೆ. ಕಾಳಿನ ಮೇಲೆ ಅಂಟಿರುವ ಪಿಷ್ಟದ ಹುಡಿ ಹೋಗದಿದ್ದರೆ ಅದೇ ಬೇಯುವಾಗ ಅಂಟಾಗಿ ಕಾಳುಗಳನ್ನು ಒಂದಕ್ಕೊಂದು ಕೂಡಿಸಿಬಿಡುತ್ತದೆ. ಬಳಿಕ ಇಪ್ಪತ್ತು ನಿಮಿಷ ನೆನೆಸಿ, ತೂತಿನ ಪಾತ್ರೆಗೆ ಹಾಕಿ ಕನಿಷ್ಠ ಹತ್ತು ನಿಮಿಷ ನೀರು ಬಸಿಯಲು ಬಿಡುತ್ತೇನೆ. ನೆನೆಸುವುದನ್ನು ಮಾಡುವವರು ಅನೇಕರಿದ್ದಾರೆ, ಬಸಿಯುವುದಕ್ಕೆ ತಾಳ್ಮೆ ತೋರುವವರು ಕಡಿಮೆ. ಅಕ್ಕಿಯಲ್ಲಿ ನೀರು ಉಳಿದರೆ ಅದು ತುಪ್ಪದಲ್ಲಿ ಹುರಿಯುವ ಬದಲು ಆವಿಯಲ್ಲಿ ಬೇಯತೊಡಗುತ್ತದೆ, ಜೊತೆಗೆ ಮುಂದೆ ಅಳೆದು ಹಾಕುವ ನೀರಿನ ಲೆಕ್ಕವೂ ಕೆಡುತ್ತದೆ.

ಇನ್ನು ಗೇರುಬೀಜ. ಬ್ರೆಜಿಲಿನ ಈ ಮರ 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದು, ಬೇರೇನೂ ಸುಲಭಕ್ಕೆ ಬೆಳೆಯದ ಮುರಕಲ್ಲಿನ ಗುಡ್ಡಗಳಲ್ಲಿ ನೆಲೆಯೂರಿತು. ಪುತ್ತೂರಿನಲ್ಲಿ ಕೇಂದ್ರ ಸರ್ಕಾರದ ಗೇರು ಸಂಶೋಧನಾ ನಿರ್ದೇಶನಾಲಯವಿದೆ, ಉಳ್ಳಾಲದ ಕೃಷಿ ಸಂಶೋಧನಾ ಕೇಂದ್ರದ ಹೆಸರಿನ ತಳಿಗಳು ನಮ್ಮ ಸುತ್ತಲಿನ ತೋಟಗಳಲ್ಲಿವೆ. ಹೀಗಾಗಿ ಬೀಜ ನಮಗೆ ಹಬ್ಬದ ದಿನಕ್ಕೆಂದು ಪೊಟ್ಟಣದಲ್ಲಿ ತರುವ ವಸ್ತು ಮಾತ್ರವಲ್ಲ, ಫೆಬ್ರವರಿಯಿಂದ ಮೇ ತಿಂಗಳವರೆಗೆ ಗುಡ್ಡದಿಂದ ಹೆಕ್ಕಿ ತರುವ ಬೆಳೆಯೂ ಹೌದು. ಆದರೂ ಸಿಪ್ಪೆಯ ಬೀಜವನ್ನು ಮನೆಯಲ್ಲಿ ಸುಟ್ಟು ಒಡೆಯಲು ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ಸಿಪ್ಪೆಯೊಳಗಿನ ಎಣ್ಣೆ ತಾಗಿದ ಕಡೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಅದರ ಹೊಗೆಯೂ ಕಣ್ಣಿಗೆ, ಗಂಟಲಿಗೆ ಕೆಟ್ಟದ್ದು. ಕಾರ್ಖಾನೆಯಲ್ಲಿ ಸಂಸ್ಕರಿಸಿದ ತಿರುಳನ್ನು ಕೊಳ್ಳುವುದೇ ಲೇಸು.

ಅಂಗಡಿಯಲ್ಲಿ ಡಬ್ಲ್ಯೂ 180, 240, 320 ಎಂದು ಬರೆದಿರುವ ಡಬ್ಬಿಗಳಿರುತ್ತವೆ. ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, ಹೆಚ್ಚೆಂದರೆ ಎಷ್ಟು ಇಡೀ ಬೀಜ ತೂಗುತ್ತವೆ ಎಂಬ ಲೆಕ್ಕವದು. ಸಂಖ್ಯೆ ಸಣ್ಣದಾದಷ್ಟೂ ಬೀಜ ದೊಡ್ಡದು, ಬೆಲೆಯೂ ಹೆಚ್ಚು. ತುಪ್ಪದನ್ನಕ್ಕೆ ಇಡೀ ಬೀಜ ಬೇಕಿಲ್ಲ. ಎರಡಾಗಿ ಸೀಳಿದ ಹೋಳುಗಳು ಅಗ್ಗವೂ ಹೌದು, ಈ ಕೆಲಸಕ್ಕೆ ಉತ್ತಮವೂ ಹೌದು. ಸೀಳಿದ ಚಪ್ಪಟೆ ಮೈ ತುಪ್ಪಕ್ಕೆ ಪೂರ್ತಿ ತಾಗುವುದರಿಂದ ಬಣ್ಣ ಸಮನಾಗಿ ಬರುತ್ತದೆ, ತುತ್ತಿನಲ್ಲಿ ಒಂದು ಹೋಳು ಅನ್ನದೊಂದಿಗೆ ಸಲೀಸಾಗಿ ಸೇರುತ್ತದೆ. ದಪ್ಪ ಇಡೀ ಬೀಜ ಹೊರಗೆ ಕೆಂಪಾದಾಗಲೂ ಒಳಗೆ ಹಸಿಯಾಗಿ ಉಳಿಯುವ ಸಂಭವವಿದೆ. ತೀರ ಪುಡಿಯಾದ ತುಂಡನ್ನು ಮಾತ್ರ ಕುರ್ಮಾಕ್ಕೆ ಅರೆಯಲು ಇಟ್ಟುಕೊಳ್ಳಬೇಕು, ಏಕೆಂದರೆ ಹುರಿಯುವಾಗ ಪುಡಿ ಕರಿದಾಗಿ ತುಪ್ಪವನ್ನೂ ಕಹಿ ಮಾಡುತ್ತದೆ. ಕೊಳ್ಳುವಾಗ ಒಂದನ್ನು ಬಾಯಿಗೆ ಹಾಕಿ ನೋಡುವುದು ಒಳ್ಳೆಯದು. ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಇರುವುದರಿಂದ ಸೆಕೆಗೆ ಅದು ಬೇಗ ಕಮಟುತ್ತದೆ, ಆ ವಾಸನೆ ಎಷ್ಟು ಹುರಿದರೂ ಹೋಗದು. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ.

ನಾಲ್ಕೈದು ಮಂದಿಯ ಊಟಕ್ಕೆ ನನ್ನ ಅಳತೆ ಹೀಗಿದೆ. ಅಕ್ಕಿ ಎರಡು ಕುಡ್ತೆ, ತೂಕದಲ್ಲಿ ಸುಮಾರು 400 ಗ್ರಾಂ. ತುಪ್ಪ ನಾಲ್ಕು ದೊಡ್ಡ ಚಮಚ. ಬೀಜದ ಹೋಳು 50 ಗ್ರಾಂ. ಒಣದ್ರಾಕ್ಷಿ ಒಂದು ದೊಡ್ಡ ಚಮಚ. ದೊಡ್ಡ ಈರುಳ್ಳಿ ಎರಡು. ಎರಡು ಇಂಚಿನ ಒಂದು ತುಂಡು ಚಕ್ಕೆ, ನಾಲ್ಕು ಲವಂಗ, ಮೂರು ಏಲಕ್ಕಿ, ಒಂದು ಪಲಾವ್ ಎಲೆ. ಉಪ್ಪು ರುಚಿಗೆ, ನಿಂಬೆರಸ ಅರ್ಧ ಚಿಕ್ಕ ಚಮಚ. ಶುಂಠಿ ಬೆಳ್ಳುಳ್ಳಿಯ ಪೇಸ್ಟು, ಹಸಿಮೆಣಸು, ಪುದೀನ ಇವು ಯಾವುದನ್ನೂ ನಾನು ಹಾಕುವುದಿಲ್ಲ. ಅವೆಲ್ಲ ಸಾರಿನಲ್ಲೇ ಇರುತ್ತವೆ, ಅನ್ನದಲ್ಲೂ ಅವೇ ಬಂದರೆ ಎರಡರ ರುಚಿಯೂ ಒಂದೇ ಆಗಿಬಿಡುತ್ತದೆ. ಬಣ್ಣ ಹಾಕಿ, ಟೂಟಿಫ್ರೂಟಿ ಉದುರಿಸುವ ಪದ್ಧತಿಯೂ ನನಗೆ ಸೇರದು.

ಇಡೀ ಅಡುಗೆಯಲ್ಲಿ ನಾನು ಹೆಚ್ಚು ಎಚ್ಚರದಿಂದ ಮಾಡುವ ಕೆಲಸವೆಂದರೆ ಬೀಜ ಹುರಿಯುವುದು. ಅನ್ನ ಮಾಡುವ ದಪ್ಪ ತಳದ ಪಾತ್ರೆಯಲ್ಲೇ ತುಪ್ಪವನ್ನು ಸಣ್ಣ ಉರಿಯಲ್ಲಿ ಕರಗಿಸಿ, ಅದು ಹೊಗೆಯಾಡುವ ಮಾತು ಹಾಗಿರಲಿ, ಚೆನ್ನಾಗಿ ಕಾಯುವ ಮೊದಲೇ ಬೀಜವನ್ನು ಹಾಕುತ್ತೇನೆ. ಆಗ ಬೀಜವೂ ತುಪ್ಪವೂ ಜೊತೆಜೊತೆಯಾಗಿ ಬಿಸಿಯಾಗುತ್ತವೆ, ಒಳಗಿನ ತೇವ ನಿಧಾನವಾಗಿ ಹೊರಬರುತ್ತದೆ. ಮೊದಲು ಹೋಳುಗಳ ಸುತ್ತ ಸಣ್ಣ ಗುಳ್ಳೆಗಳು ಎದ್ದು, ಕಿವಿಗೊಟ್ಟರೆ ಮಾತ್ರ ಕೇಳುವ ಸಣ್ಣ ಚಿಟಿಚಿಟಿ ಸದ್ದು ಬರುತ್ತದೆ. ಈ ಹೊತ್ತಿನಲ್ಲಿ ಸೌಟು ನಿಲ್ಲಬಾರದು. ಎರಡು ಮೂರು ನಿಮಿಷದಲ್ಲಿ ಗುಳ್ಳೆಗಳು ಕಡಿಮೆಯಾಗುತ್ತವೆ, ಹೋಳಿನ ಅಂಚು ಮೊದಲು ಹಳದಿಗೆ ತಿರುಗಿ, ಅಲ್ಲಿಂದ ಬಣ್ಣ ನಡುವಿಗೆ ಹರಡತೊಡಗುತ್ತದೆ. ನಡು ಭಾಗ ಇನ್ನೂ ತುಸು ಬಿಳುಪಾಗಿದ್ದು ಅಂಚು ಹೊಂಬಣ್ಣಕ್ಕೆ ಬಂದ ಕ್ಷಣವೇ ಝಾರಿಯಲ್ಲಿ ಎತ್ತಿ, ತುಪ್ಪ ಸೋರಿಸಿ, ಅಗಲವಾದ ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡುತ್ತೇನೆ. ಬೀಜದೊಳಗಿನ ಬಿಸಿ ಹೊರಗೆ ಬಂದ ಮೇಲೂ ಅದನ್ನು ಹುರಿಯುತ್ತಲೇ ಇರುತ್ತದೆ. ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಮೊದಲೇ ತೆಗೆದರೆ ತಟ್ಟೆಯಲ್ಲಿ ಆ ಬಣ್ಣಕ್ಕೆ ಬಂದು ನಿಲ್ಲುತ್ತದೆ. ಬಿಸಿಯಲ್ಲಿ ಮೆತ್ತಗೆ ಅನಿಸಿದರೂ ಆರಿದ ಮೇಲೆ ಗರಿಯಾಗುತ್ತದೆ, ಆದ್ದರಿಂದ ಗರಿಯಾಗಲೆಂದು ಒಲೆಯ ಮೇಲೆಯೇ ಕಾಯುವ ಅಗತ್ಯವಿಲ್ಲ.

ಬೀಜ ತೆಗೆದ ತುಪ್ಪಕ್ಕೆ ದ್ರಾಕ್ಷಿ ಹಾಕಿದರೆ ಕೆಲವೇ ಕ್ಷಣಗಳಲ್ಲಿ ಉಬ್ಬುತ್ತದೆ, ಉಬ್ಬಿದ ಕೂಡಲೆ ತೆಗೆಯಬೇಕು. ವಿಜಯಪುರದ ಕಡೆಯ ಒಣದ್ರಾಕ್ಷಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ತುಸು ಹುಳಿಯಿರುವ ಜಾತಿಯಾದರೆ ಇನ್ನೂ ಒಳ್ಳೆಯದು. ದ್ರಾಕ್ಷಿಯನ್ನೂ ಬೀಜವನ್ನೂ ಒಟ್ಟಿಗೆ ಹುರಿಯಬಾರದು, ಒಂದರ ಹದ ಬರುವಷ್ಟರಲ್ಲಿ ಇನ್ನೊಂದು ಕೆಡುತ್ತದೆ. ತಟ್ಟೆಯಲ್ಲಿಯೂ ಬೇರೆಯಾಗಿಯೇ ಇಡುತ್ತೇನೆ, ಇಲ್ಲವಾದರೆ ದ್ರಾಕ್ಷಿಯ ತೇವಕ್ಕೆ ಬೀಜ ಮೆತ್ತಗಾಗುತ್ತದೆ.

ಆಮೇಲೆ ಒಂದೂವರೆ ಈರುಳ್ಳಿಯನ್ನು ತೆಳ್ಳಗೆ ಉದ್ದಕ್ಕೆ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ, ಅದೇ ತುಪ್ಪದಲ್ಲಿ ಮಧ್ಯಮ ಉರಿಯಲ್ಲಿ ಕೆಂಬಣ್ಣ ಬರುವವರೆಗೆ ಹುರಿದು ತೆಗೆಯುತ್ತೇನೆ. ಇದಕ್ಕೆ ಹತ್ತು ಹನ್ನೆರಡು ನಿಮಿಷ ಬೇಕೇ ಬೇಕು. ಉಳಿದ ಅರ್ಧ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಪಾತ್ರೆಯಲ್ಲಿ ಉಳಿದ ತುಪ್ಪಕ್ಕೆ ಚಕ್ಕೆ, ಲವಂಗ, ಏಲಕ್ಕಿ, ಎಲೆ ಹಾಕಿ ಪರಿಮಳ ಎದ್ದ ಮೇಲೆ ಬೆರೆಸಿ, ಬಣ್ಣ ಬರದಂತೆ ಬಾಡಿಸುತ್ತೇನೆ. ಇಷ್ಟು ಹೊತ್ತಿಗೆ ಆ ತುಪ್ಪದಲ್ಲಿ ಬೀಜದ, ದ್ರಾಕ್ಷಿಯ, ಹುರಿದ ಈರುಳ್ಳಿಯ ಸಾರವೆಲ್ಲ ಇಳಿದಿರುತ್ತದೆ. ಅಡುಗೆ ಮುಗಿದ ಮೇಲೆ ಬೇರೆ ಒಗ್ಗರಣೆ ಸೌಟಿನಲ್ಲಿ ಬೀಜ ಹುರಿದು ಮೇಲೆ ಸುರಿಯುವವರಿದ್ದಾರೆ; ಹಾಗೆ ಮಾಡಿದರೆ ನೋಟಕ್ಕೆ ಕೊರತೆಯಿಲ್ಲ, ಆದರೆ ಅನ್ನದ ಪ್ರತಿ ಕಾಳಿಗೂ ಬೀಜದ ಪರಿಮಳ ಹತ್ತುವುದು ಒಂದೇ ತುಪ್ಪದಲ್ಲಿ ಎಲ್ಲವನ್ನೂ ಮಾಡಿದಾಗ ಮಾತ್ರ.

ಬಸಿದ ಅಕ್ಕಿಯನ್ನು ಹಾಕಿ ಎರಡು ಮೂರು ನಿಮಿಷ ಸಣ್ಣ ಉರಿಯಲ್ಲಿ ಹುರಿಯಬೇಕು. ನೆನೆದ ಕಾಳು ಮುರಿಯುವುದು ಬಹಳ ಸುಲಭವಾದ್ದರಿಂದ ಸಟ್ಟುಗವನ್ನು ತಳದಿಂದ ಮೇಲಕ್ಕೆ ತಿರುವಿ ಹಾಕುತ್ತೇನೆ, ಗಸಗಸನೆ ಕದಡುವುದಿಲ್ಲ. ಕಾಳುಗಳು ಹೊಳಪು ಪಡೆದು, ಸಟ್ಟುಗದಿಂದ ಒಂದಕ್ಕೊಂದು ಅಂಟದೆ ಉದುರತೊಡಗಿದರೆ ಸಾಕು. ಬೇರೆ ಒಲೆಯಲ್ಲಿ ಕುದಿಯುತ್ತಿರುವ ನೀರನ್ನು ಆಗ ಅಳೆದು ಸುರಿಯುತ್ತೇನೆ. ನೆನೆಸಿದ ಜೀರಕಶಾಲಕ್ಕೂ ಬಾಸ್ಮತಿಗೂ ಅಕ್ಕಿಯ ಒಂದೂವರೆ ಪಾಲು ನೀರು, ಹಳೆಯ ಸೋನಾ ಮಸೂರಿಗೆ ಎರಡು ಪಾಲು. ಅಕ್ಕಿಯ ವಯಸ್ಸಿಗೆ ತಕ್ಕಂತೆ ಇದರಲ್ಲಿ ಕಾಲು ಕುಡ್ತೆ ಹೆಚ್ಚುಕಡಿಮೆ ಮಾಡಬೇಕಾಗಬಹುದು, ಹೊಸ ಮೂಟೆ ಬಿಚ್ಚಿದಾಗ ಮೊದಲು ಸ್ವಲ್ಪ ಮಾಡಿ ನೋಡುವುದೇ ದಾರಿ. ತಣ್ಣೀರು ಹಾಕಿದರೆ ಬಿಸಿಯಾಗಿರುವ ಅಕ್ಕಿ ತಟ್ಟನೆ ತಣಿದು, ಕುದಿ ಬರುವಷ್ಟು ಹೊತ್ತು ನೀರಿನಲ್ಲಿ ಸುಮ್ಮನೆ ನೆನೆಯುತ್ತ ಅಂಟು ಬಿಡುತ್ತದೆ. ಉಪ್ಪು, ನಿಂಬೆರಸ ಹಾಕಿ ನೀರಿನ ರುಚಿ ನೋಡಿದಾಗ ಉಪ್ಪು ಒಂದು ಕೈ ಮುಂದೆ ಇದೆ ಅನಿಸಬೇಕು, ಅನ್ನ ಅದನ್ನು ಹೀರಿಕೊಂಡಾಗ ಸರಿಯಾಗುತ್ತದೆ.

ನೀರು ಕುದಿಯುವಾಗ ಮುಚ್ಚಳ ತೆರೆದೇ ಇರಲಿ. ನೀರಿನ ಮಟ್ಟ ಇಳಿಯುತ್ತ ಅಕ್ಕಿಯ ಮಟ್ಟಕ್ಕೆ ಬಂದಾಗ ಮೇಲ್ಮೈಯಲ್ಲಿ ಅಲ್ಲಲ್ಲಿ ತೂತುಗಳು ಮೂಡುತ್ತವೆ, ಅವುಗಳೊಳಗಿಂದ ಗುಳ್ಳೆಗಳು ಏಳುತ್ತಿರುತ್ತವೆ. ಉರಿಯನ್ನು ಪೂರ್ತಿ ಸಣ್ಣದು ಮಾಡಿ, ಬಿಗಿಯಾದ ಮುಚ್ಚಳ ಮುಚ್ಚಲು ಇದೇ ಹೊತ್ತು. ಮುಚ್ಚಳ ಸಡಿಲವಿದ್ದರೆ ನಡುವೆ ಒದ್ದೆ ಬಟ್ಟೆಯನ್ನೋ ಬಾಡಿಸಿದ ಬಾಳೆ ಎಲೆಯನ್ನೋ ಇಡುತ್ತೇನೆ. ಬಟ್ಟೆಯ ಅಂಚು ಉರಿಗೆ ತಾಗದಂತೆ ಮೇಲಕ್ಕೆ ಮಡಚಿಡಬೇಕು. ಎಂಟರಿಂದ ಹತ್ತು ನಿಮಿಷದ ಬಳಿಕ ಒಲೆ ಆರಿಸಿ, ಮುಚ್ಚಳ ತೆಗೆಯದೆ ಇನ್ನೂ ಹದಿನೈದು ನಿಮಿಷ ಬಿಡುತ್ತೇನೆ. ತಳದ ತೇವ ಮೇಲಕ್ಕೇರಿ ಎಲ್ಲೆಡೆ ಸಮನಾಗುವುದು, ಬೆಂದು ಮೆತ್ತಗಾಗಿರುವ ಕಾಳು ಬಿಗಿಯಾಗುವುದು ಈ ಬಿಡುವಿನಲ್ಲೇ. ಮಕ್ಕಳಿಗೆ ಹಸಿವೆಯಾಗಿದೆ ಎಂದು ಮೊದಲೇ ತೆರೆದು ತಿರುವಿದರೆ ಕಾಳು ಮುರಿದು ಮುದ್ದೆಯಾಗುತ್ತದೆ.

ಕುಕ್ಕರಿನಲ್ಲಿ ಮಾಡಬಹುದೇ ಎಂದು ಅನೇಕರು ಕೇಳುತ್ತಾರೆ. ಅವಸರದ ದಿನ ನಾನೂ ಮಾಡುತ್ತೇನೆ: ನೀರನ್ನು ತುಸು ಕಡಿಮೆ ಮಾಡಿ, ಒಂದು ಸೀಟಿಗೆ ಆರಿಸಿ, ಒತ್ತಡ ತಾನಾಗಿ ಇಳಿಯಲು ಬಿಟ್ಟರೆ ಉಣ್ಣುವಂತಿರುತ್ತದೆ. ಆದರೆ ಜೀರಕಶಾಲದಂಥ ಸೂಕ್ಷ್ಮ ಅಕ್ಕಿಯನ್ನು ಒತ್ತಡಕ್ಕೆ ಒಡ್ಡಲು ನನಗೆ ಮನಸ್ಸಾಗುವುದಿಲ್ಲ. ಕುವೈತಿನಲ್ಲಿರುವ ನನ್ನ ತಂಗಿ ವಿದ್ಯುತ್ ರೈಸ್ ಕುಕ್ಕರಿನಲ್ಲಿ ಬಾಸ್ಮತಿ ಹಾಕಿ ಮಾಡುತ್ತಾಳೆ. ಬೀಜ, ಈರುಳ್ಳಿ, ಅಕ್ಕಿಯನ್ನು ಹುರಿಯುವುದನ್ನೆಲ್ಲ ಬಾಣಲೆಯಲ್ಲಿ ಮುಗಿಸಿ, ಬಾಣಲೆಗೆ ಅಂಟಿದ ತುಪ್ಪವನ್ನೂ ಬಿಸಿನೀರಿನಲ್ಲಿ ತೊಳೆದಂತೆ ಕುಕ್ಕರಿಗೆ ಸುರಿಯುತ್ತಾಳೆ. ಆ ಕೊನೆಯ ಎಚ್ಚರದಿಂದಾಗಿ ಅವಳ ಅನ್ನಕ್ಕೂ ಒಳ್ಳೆಯ ಪರಿಮಳವಿರುತ್ತದೆ.

ಅನ್ನವನ್ನು ಬಿಡಿಸುವುದು ಪಾತ್ರೆಯ ಅಂಚಿನಿಂದ, ಚಪ್ಪಟೆ ಸಟ್ಟುಗದಲ್ಲಿ. ಹುರಿದ ಈರುಳ್ಳಿಯಲ್ಲಿ ಅರ್ಧವನ್ನೂ ದ್ರಾಕ್ಷಿಯನ್ನೂ ಈಗ ಮೆಲ್ಲನೆ ಬೆರೆಸುತ್ತೇನೆ. ಬೀಜ ಮಾತ್ರ ಬಡಿಸುವ ಹೊತ್ತಿಗೆ. ನಮ್ಮೂರಿನ ಸಮಾರಂಭಗಳಿಗೆ ಅಡುಗೆ ಮಾಡುತ್ತಿದ್ದ ಹಿರಿಯರೊಬ್ಬರು ನನಗೆ ಹೇಳಿಕೊಟ್ಟದ್ದು ಇದನ್ನೇ: "ಬೀಜ ಕಡೆಗೆ ಹಾಕಿ ಅಕ್ಕಾ, ಮೊದಲೇ ಹಾಕಿದ್ರೆ ಹಬೆಗೆ ಮೆತ್ತಗಾಗ್ತದೆ, ಮತ್ತೆ ಹುರಿದು ಎಂತ ಪ್ರಯೋಜನ?" ಮುಚ್ಚಿದ ಬಿಸಿ ಅನ್ನದೊಳಗೆ ಅರ್ಧ ಗಂಟೆ ಕೂತ ಬೀಜ ಬೇಯಿಸಿದ ಬೀಜದ ಹಾಗಾಗುತ್ತದೆ. ಮೆತ್ತಗಿನ ಅನ್ನ, ಗಟ್ಟಿ ಗಸಿಯ ನಡುವೆ ಹಲ್ಲಿಗೆ ಸಿಗುವ ಗರಿ ಅದೊಂದೇ ಆಗಿರುವುದರಿಂದ ಅದನ್ನು ಉಳಿಸಿಕೊಳ್ಳುವುದು ಅಗತ್ಯ.

ಇಪ್ಪತ್ತೈದು ಮೂವತ್ತು ಮಂದಿಗೆ ಮಾಡುವಾಗ ತಲೆಗೆ ಸುಮಾರು 80ರಿಂದ 100 ಗ್ರಾಂ ಅಕ್ಕಿ ಹಿಡಿಯುತ್ತೇನೆ. ಆದರೆ ಉಳಿದ ಸಾಮಗ್ರಿಗಳನ್ನು ಅದೇ ಲೆಕ್ಕದಲ್ಲಿ ಗುಣಿಸಬಾರದು. ದೊಡ್ಡ ಪಾತ್ರೆಯಲ್ಲಿ ಅಕ್ಕಿಯ ಪ್ರಮಾಣಕ್ಕೆ ಹೋಲಿಸಿದರೆ ಆವಿಯಾಗುವ ನೀರು ಕಡಿಮೆ, ಹಾಗಾಗಿ ನೀರಿನ ಪಾಲನ್ನು ಇಳಿಸಬೇಕು; ಲವಂಗ, ಚಕ್ಕೆಯನ್ನೂ ಲೆಕ್ಕಕ್ಕಿಂತ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಮದ್ದಿನ ವಾಸನೆ ಬರುತ್ತದೆ. ಬೀಜವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಬೆಳಗ್ಗೆಯೇ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿಟ್ಟರೆ ಮಧ್ಯಾಹ್ನದವರೆಗೂ ಗರಿ ಇರುತ್ತದೆ. ಇಂಥ ಊಟಗಳಲ್ಲಿ ಬೀಜ ಒಗ್ಗದವರು ಇದ್ದಾರೆಯೇ ಎಂದು ಮೊದಲೇ ವಿಚಾರಿಸಬೇಕು. ಅಂಥವರಿದ್ದರೆ ಅವರ ಪಾಲಿನ ಅನ್ನವನ್ನು ಬೀಜ ತಾಗದ ಬೇರೆ ತುಪ್ಪದಲ್ಲಿ, ಬೇರೆ ಪಾತ್ರೆಯಲ್ಲಿಯೇ ಮಾಡಬೇಕು. ತಟ್ಟೆಯಿಂದ ಬೀಜ ಹೆಕ್ಕಿ ತೆಗೆದು ಕೊಡುವುದು ಸರಿಯಲ್ಲ.

ಜೊತೆಗೆ ಏನು ಎಂಬುದಕ್ಕೆ ತಕ್ಕಂತೆ ಬೀಜದ ಪ್ರಮಾಣವನ್ನು ಬದಲಿಸುತ್ತೇನೆ. ಕುರ್ಮಾಕ್ಕೆ ಗಸಗಸೆ, ಗೇರುಬೀಜ ಅರೆದು ಹಾಕಿದ ದಿನ ಅನ್ನಕ್ಕೆ ಅರ್ಧದಷ್ಟೇ ಬೀಜ, ದ್ರಾಕ್ಷಿ ಬೇಡವೇ ಬೇಡ, ಏಕೆಂದರೆ ಆಗಲೇ ಸಿಹಿಯೂ ಜಿಡ್ಡೂ ಸಾಕಷ್ಟಿರುತ್ತದೆ. ಬ್ಯಾಡಗಿ ಮೆಣಸಿನ ಖಾರದ ಕೋಳಿ ಸಾರು ಅಥವಾ ಹುಳಿ ಮುಂದಾಗಿರುವ ಟೊಮೆಟೊ ಗಸಿ ಇದ್ದರೆ ಪೂರ್ತಿ 50 ಗ್ರಾಮನ್ನೂ ಹಾಕುತ್ತೇನೆ. ಬರಿಯ ತೊವ್ವೆಯ ಜೊತೆಗೂ ಈ ಅನ್ನ ಸೊಗಸಾಗಿರುತ್ತದೆ, ಮಳೆಗಾಲದ ರಾತ್ರಿಗಳಲ್ಲಿ ನಮ್ಮ ಮನೆಯಲ್ಲಿ ಅದೇ ಹೆಚ್ಚು. ಬೀಜ ದುಬಾರಿಯಾದಾಗ ಶೇಂಗಾ ಹಾಕಬಹುದೇ ಎಂದರೆ, ಚಿತ್ರಾನ್ನದ ಹುಳಿ ಖಾರಕ್ಕೆ ಶೇಂಗಾ ಚೆನ್ನಾಗಿ ಒಪ್ಪುತ್ತದೆ, ಇಲ್ಲಿ ಅದರ ಕಟು ಪರಿಮಳ ತುಪ್ಪವನ್ನು ಮೀರಿಬಿಡುತ್ತದೆ. ಉದ್ದಕ್ಕೆ ಸೀಳಿದ ಬಾದಾಮಿ ಪರವಾಗಿಲ್ಲ.

ಉಳಿದ ಅನ್ನವನ್ನು ರಾತ್ರಿಯಿಡೀ ಹೊರಗಿಡಬಾರದು. ಬೆಂದ ಅನ್ನದಲ್ಲಿ, ಅದರಲ್ಲೂ ನಮ್ಮ ಕರಾವಳಿಯ ಸೆಕೆಯಲ್ಲಿ, ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಅದು ಬಿಟ್ಟ ನಂಜು ಮತ್ತೆ ಬಿಸಿ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಊಟ ಮುಗಿದ ಕೂಡಲೆ ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸುತ್ತೇನೆ. ಮರುದಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಒಳಗಿನವರೆಗೂ ಚೆನ್ನಾಗಿ ಬಿಸಿಯಾಗುವಂತೆ ಕಾಯಿಸಿದರೆ ಕಾಳು ಮತ್ತೆ ಮೃದುವಾಗುತ್ತದೆ. ಹಿಂದಿನ ದಿನದ ಬೀಜವೇನಾದರೂ ಅನ್ನದಲ್ಲಿ ಸೇರಿದ್ದರೆ ಅದು ಗರಿಯಾಗದು, ಒಂದು ಚಮಚ ತುಪ್ಪದಲ್ಲಿ ನಾಲ್ಕು ಹೋಳು ಹೊಸದಾಗಿ ಹುರಿದು ಆ ತುಪ್ಪದ ಸಮೇತ ಮೇಲೆ ಹಾಕಿಕೊಳ್ಳಬೇಕು.